ಅಳಿವೆಯಲ್ಲಿ ಲ್ಯೂರ್ ಗಾಳ: ಹೊಸಬರು ಎಲ್ಲಿಂದ ಆರಂಭಿಸಬೇಕು?

ಬ್ರಹ್ಮಾವರದ ಹೊಸಬ

ಎಲ್ಲರಿಗೂ ನಮಸ್ಕಾರ. ತಂಗೂಸಿಗೆ (ನೈಲಾನ್ ದಾರಕ್ಕೆ) ಗಾಳ ಕಟ್ಟಿ, ಸಿಗಡಿ ಚುಚ್ಚಿ, ಸೀತಾನದಿಯ ದಂಡೆಯಲ್ಲಿ ಕೂತು ಮೀನು ಹಿಡಿಯುವುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಕೆಲಸ. ಆದರೆ ಎರೆಯನ್ನೇ ಬಳಸದೆ, ಮರದಿಂದಲೋ ಪ್ಲಾಸ್ಟಿಕ್ಕಿನಿಂದಲೋ ಮಾಡಿದ ಕೃತಕ ಮೀನನ್ನು ಎಸೆದು ಎಳೆಯುವ ಲ್ಯೂರ್ ಗಾಳ ನನಗೆ ಹೊಸದು. ಕೋಡಿ ಬೆಂಗ್ರೆಯ ಅಳಿವೆಯ ಬಳಿ ಕೆಲವರು ಹೀಗೆ ಮೀನು ಹಿಡಿಯುವುದನ್ನು ನೋಡಿದಂದಿನಿಂದ ಕಲಿಯಬೇಕೆಂಬ ಆಸೆ ಬಲವಾಗಿದೆ. ಅಂಗಡಿಗೆ ಹೋದರೆ ನೂರೆಂಟು ಬಗೆಯ ಲ್ಯೂರುಗಳನ್ನು ಮುಂದಿಡುತ್ತಾರೆ, ರಾಡು ರೀಲುಗಳ ಬೆಲೆಯೂ ಒಂದೂವರೆ ಸಾವಿರದಿಂದ ಹಿಡಿದು ಎಲ್ಲೆಲ್ಲಿಗೋ ಹೋಗುತ್ತದೆ. ಮೊದಲು ಏನನ್ನು ಕೊಳ್ಳಬೇಕು, ಎಲ್ಲಿ ನಿಂತು ಎಸೆಯಬೇಕು, ಎಷ್ಟು ವೇಗವಾಗಿ ಎಳೆಯಬೇಕು ಎಂಬುದನ್ನು ಅನುಭವಿಗಳು ದಯವಿಟ್ಟು ತಿಳಿಸಬೇಕು.

ಅಳಿವೆ ಬದಿ

ನಿಮ್ಮ ಮೂರು ಪ್ರಶ್ನೆಗಳಲ್ಲಿ ನಡುವಿನದನ್ನು ಮೊದಲು ಎತ್ತಿಕೊಳ್ಳುತ್ತೇನೆ. ಎಲ್ಲಿ, ಯಾವ ಹೊತ್ತಿನಲ್ಲಿ ಎಸೆಯಬೇಕು ಎಂಬುದು ತಿಳಿಯದಿದ್ದರೆ ಉಳಿದ ಎರಡಕ್ಕೆ ಎಷ್ಟು ಸರಿಯಾದ ಉತ್ತರ ಸಿಕ್ಕರೂ ಪ್ರಯೋಜನವಿಲ್ಲ. ಸಿಗಡಿ ಚುಚ್ಚಿದ ಗಾಳ ನೀರಿನಲ್ಲಿ ಸುಮ್ಮನೆ ಬಿದ್ದಿದ್ದರೂ ಅದರ ವಾಸನೆ ನೀರಿನೊಂದಿಗೆ ಹರಿದು ದೂರದ ಮೀನನ್ನು ಕರೆತರುತ್ತದೆ, ನಾವು ಕಾದು ಕೂರಬಹುದು. ಲ್ಯೂರಿಗೆ ಆ ಅನುಕೂಲವಿಲ್ಲ. ಅದನ್ನು ಮೀನು ಕಣ್ಣಿನಿಂದ ಕಾಣಬೇಕು, ಇಲ್ಲವೇ ತನ್ನ ಪಕ್ಕೆಯುದ್ದಕ್ಕೂ ಇರುವ, ನೀರಿನ ಕಂಪನವನ್ನು ಗ್ರಹಿಸುವ ರೇಖೆಯಿಂದ ಅರಿಯಬೇಕು. ಎಂದರೆ ಲ್ಯೂರನ್ನು ಮೀನಿನ ಹತ್ತಿರಕ್ಕೆ ಒಯ್ಯುವ ಹೊಣೆ ಪೂರ್ತಿಯಾಗಿ ನಮ್ಮದು, ಹಾಗಾಗಿ ಮೀನು ಎಲ್ಲಿ ನಿಲ್ಲುತ್ತದೆ ಎಂಬುದೇ ಮೊದಲ ಪಾಠ.

ನಮ್ಮ ಅಳಿವೆಗಳಲ್ಲಿ ಇದನ್ನು ತೀರ್ಮಾನಿಸುವುದು ನೀರಿನ ಓಟ. ದಿನಕ್ಕೆ ಎರಡು ಬಾರಿ ಉಬ್ಬರ, ಎರಡು ಬಾರಿ ಇಳಿತ. ಒಂದು ಉಬ್ಬರದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷಗಳ ಅಂತರವಿರುವುದರಿಂದ ಹೊತ್ತು ದಿನಕ್ಕೆ ಸರಿಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ, ಅಷ್ಟಮಿಯ ಸುತ್ತಮುತ್ತ ಈ ಏರಿಳಿತ ಕಡಿಮೆ. ನೀರು ಎಷ್ಟು ಎತ್ತರಕ್ಕೆ ನಿಂತಿದೆ ಎಂಬುದಕ್ಕಿಂತ ಅದು ಓಡುತ್ತಿದೆಯೇ ನಿಂತಿದೆಯೇ ಎಂಬುದು ಗಾಳಗಾರನಿಗೆ ಮುಖ್ಯ. ನೀರು ಓಡುವಾಗ ಸಣ್ಣ ಮೀನು, ಸಿಗಡಿ ಅದರ ಸೆಳೆತಕ್ಕೆ ಸಿಕ್ಕಿ ಸಾಗುತ್ತವೆ. ಬೇಟೆಯಾಡುವ ದೊಡ್ಡ ಮೀನು ಸೆಳೆತಕ್ಕೆ ಎದುರಾಗಿ ಈಜಿ ದಣಿಯದೆ, ಸೇತುವೆಯ ಕಂಬದ ಹಿಂದೆಯೋ ಮುಳುಗಿದ ಬಂಡೆಯ ಮರೆಯಲ್ಲೋ ನಿಂತು, ಪಕ್ಕದಲ್ಲಿ ಹಾದುಹೋಗುವುದನ್ನು ನುಗ್ಗಿ ಹಿಡಿಯುತ್ತದೆ. ಆದ್ದರಿಂದ ಓಟದ ಮೇಲ್ಬದಿಗೆ ಎಸೆದು, ನೀರು ಹೋಗುವ ದಿಕ್ಕಿನಲ್ಲಿಯೇ ಲ್ಯೂರು ಆ ಮರೆಯ ಪಕ್ಕದಲ್ಲಿ ಹಾದು ಬರುವಂತೆ ಎಳೆಯಿರಿ. ಸೆಳೆತಕ್ಕೆ ಎದುರಾಗಿ ಮೇಲಕ್ಕೆ ಓಡುವ ಸಣ್ಣ ಮೀನು ಬೇಟೆಮೀನಿಗೆ ಪರಿಚಿತ ದೃಶ್ಯವಲ್ಲ.

ಹೊಸಬರಿಗೆ ನಾನು ತೋರಿಸುವ ಜಾಗ ಅಳಿವೆಯ ಬಾಯಿಯಲ್ಲ. ಅಲ್ಲಿ ಹರವು ಹೆಚ್ಚು, ಅಲೆಯ ಅಪಾಯವೂ ಹೆಚ್ಚು. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನಿಂದ ಸಣ್ಣ ತೋಡು ಬಂದು ನದಿಗೆ ಸೇರುವ ಮೂಲೆ ಇದ್ದರೆ ಅದನ್ನು ಆರಿಸಿಕೊಳ್ಳಿ. ಉಬ್ಬರದಲ್ಲಿ ಬೇರುಗಳ ನಡುವೆ ಹರಡಿಕೊಂಡಿದ್ದ ಮರಿಗಳೂ ಸಿಗಡಿಗಳೂ ಇಳಿತ ಶುರುವಾದ ಮೊದಲ ಎರಡು ಗಂಟೆಗಳಲ್ಲಿ ಆ ಕಿರಿದಾದ ಬಾಯಿಯಿಂದಲೇ ಹೊರಬರಬೇಕು, ಬಾರಮುಂಡಿ, ಮ್ಯಾಂಗ್ರೋವ್ ಜ್ಯಾಕ್ ಎಂಬ ಬೇಟೆಮೀನುಗಳು ಅಲ್ಲೇ ಕಾದಿರುತ್ತವೆ. ಹಲಗೆ ಹಾಕಿದ ಕಿಂಡಿ ಅಣೆಕಟ್ಟಿನ ಕೆಳಬದಿಯೂ ಇಂಥದೇ ಜಾಗ, ಆದರೆ ಹಲಗೆ ತೆಗೆಯುವ ದಿನಗಳಲ್ಲಿ ಅತ್ತ ಸುಳಿಯಬೇಡಿ.

ರಾಡು ಕೊಳ್ಳುವ ಮೊದಲೇ ನೀವು ಮಾಡಬಹುದಾದ ಕೆಲಸ ಒಂದಿದೆ. ನಮ್ಮ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳಂದು ಉಬ್ಬರ ಮಧ್ಯಾಹ್ನದ ಹತ್ತಿರ ಬರುತ್ತದೆ, ಹಾಗಾಗಿ ದೊಡ್ಡ ಇಳಿತ ಬೆಳಗಿನ ಜಾವದಲ್ಲೂ ಸಂಜೆಯಲ್ಲೂ ಸಿಗುತ್ತದೆ. ಅಂಥ ಒಂದು ಸಂಜೆ ಬರಿಗೈಯಲ್ಲಿ ಹೋಗಿ, ನೀವು ಆರಿಸಿದ ಮೂಲೆಯನ್ನು ನೀರು ಬಸಿದ ಸ್ಥಿತಿಯಲ್ಲಿ ನೋಡಿ. ಎಲ್ಲಿ ಗುಂಡಿಯಿದೆ, ಎಲ್ಲಿ ಚಿಪ್ಪು ಹತ್ತಿದ ಕಲ್ಲಿದೆ, ಯಾವ ಮರದ ಕೊರಡು ಕೆಸರಿನಲ್ಲಿ ಹೂತಿದೆ, ತೋಡಿನ ಆಳದ ಗೆರೆ ಯಾವ ಕಡೆಗೆ ತಿರುಗಿದೆ ಎಂಬುದನ್ನು ದಂಡೆಯ ತೆಂಗಿನ ಮರವನ್ನೋ ಮನೆಯ ಮಾಡನ್ನೋ ಗುರುತಾಗಿಟ್ಟುಕೊಂಡು ಬರೆದುಕೊಳ್ಳಿ. ನೀರು ತುಂಬಿದ ಮೇಲೆ ಎಲ್ಲವೂ ಒಂದೇ ಬಯಲಿನಂತೆ ಕಾಣುತ್ತದೆ, ಆದರೆ ನಿಮಗೆ ಅದರ ತಳ ಗೊತ್ತಿರುತ್ತದೆ. ಮರುವಾಯಿ (ಚಿಪ್ಪುಮೀನು) ಹೆಕ್ಕುವವರು, ಬೀಸುಬಲೆ ಹಾಕುವವರು ಆ ಹೊತ್ತಿಗೆ ಅಲ್ಲಿರುತ್ತಾರೆ. ಅವರಷ್ಟು ಆ ತಳವನ್ನು ಬಲ್ಲವರು ಬೇರೆ ಯಾರೂ ಇಲ್ಲ, ಕೇಳಿದರೆ ಹೇಳುತ್ತಾರೆ. ಆ ನೀರೇ ಅವರ ಜೀವನೋಪಾಯ. ಅವರು ಬಲೆ ಬೀಸುವ ಜಾಗದಲ್ಲಿ ಮೂರು ಮುಳ್ಳಿನ ಕೊಕ್ಕೆಯ ಲ್ಯೂರನ್ನು ಎಸೆಯಬಾರದು ಎಂಬುದನ್ನು ನಾನು ಎಲ್ಲ ಹೊಸಬರಿಗೂ ಒತ್ತಿ ಹೇಳುತ್ತೇನೆ.

ಕಾಳಿ ದಂಡೆ

ಮೇಲಿನವರು ನೀರಿನ ವಿಷಯವನ್ನು ಹೇಳಿದ್ದಾರೆ, ನಾನು ಸಾಮಾನಿನ ಬಗ್ಗೆ ಬರೆಯುತ್ತೇನೆ. ಅಳಿವೆಯ ಒಳಬದಿಗೆ 8 ಅಡಿಯ, 10ರಿಂದ 30 ಗ್ರಾಂ ತೂಕದ ಲ್ಯೂರುಗಳನ್ನು ಎಸೆಯಬಲ್ಲ ಮೀಡಿಯಂ ರಾಡು, 3000 ಅಥವಾ 4000 ಅಳತೆಯ ಸ್ಪಿನ್ನಿಂಗ್ ರೀಲು ಸಾಕು. ಹಣ ಸೀಮಿತವಾಗಿದ್ದರೆ ರಾಡಿನಲ್ಲಿ ಉಳಿಸಿ ರೀಲಿಗೆ ಹಾಕಿ, ಏಕೆಂದರೆ ಉಪ್ಪುನೀರು ಮೊದಲು ಹಾಳುಮಾಡುವುದು ರೀಲನ್ನೇ, ಮತ್ತು ದೊಡ್ಡ ಮೀನು ಓಡುವಾಗ ನಿಮ್ಮನ್ನು ಕಾಪಾಡುವುದು ಅದರ ಡ್ರ್ಯಾಗ್, ಎಂದರೆ ಎಳೆತ ಮಿತಿ ಮೀರಿದಾಗ ದಾರವನ್ನು ಬಿಟ್ಟುಕೊಡುವ ತಡೆ.

ದಾರದ ವಿಷಯದಲ್ಲಿ ಮಾತ್ರ ರಾಜಿ ಬೇಡ. ತಂಗೂಸಿ ಹಿಗ್ಗುತ್ತದೆ; ದೂರದಲ್ಲಿ ಲ್ಯೂರಿಗೆ ಮೀನು ಬಾಯಿ ಹಾಕಿದ್ದು ಕೈಗೆ ತಿಳಿಯುವ ಮೊದಲೇ ಅದು ಉಗುಳಿಬಿಟ್ಟಿರುತ್ತದೆ. ಹೆಣೆದ ಬ್ರೇಡ್ ದಾರ ಹಿಗ್ಗುವುದಿಲ್ಲ, ತೆಳ್ಳಗಿರುವುದರಿಂದ ದೂರಕ್ಕೂ ಹೋಗುತ್ತದೆ. ದಪ್ಪದಲ್ಲಿ ಪಿಇ 1.5 ಅಳತೆಯ 150 ಮೀಟರ್ ಸಾಕು. ಆದರೆ ಬ್ರೇಡ್ ಚಿಪ್ಪಿಗೆ ಉಜ್ಜಿದರೆ ಒಂದೇ ಕ್ಷಣದಲ್ಲಿ ತುಂಡಾಗುತ್ತದೆ, ಆದ್ದರಿಂದ ತುದಿಗೆ 30 ಪೌಂಡಿನ ಫ್ಲೋರೋಕಾರ್ಬನ್ ಅಥವಾ ದಪ್ಪ ತಂಗೂಸಿಯ ಲೀಡರ್ ಒಂದೂವರೆ ಮೀಟರಿನಷ್ಟು ಇರಲೇಬೇಕು. ಎರಡನ್ನೂ ಜೋಡಿಸಲು ಎಲ್ಲರೂ ಎಫ್‌ಜಿ ಗಂಟನ್ನು ಹೊಗಳುತ್ತಾರೆ; ಅದು ಸಣ್ಣದಾಗಿ ಕೂತು ರಾಡಿನ ಬಳೆಗಳಲ್ಲಿ ಸಲೀಸಾಗಿ ಹಾಯುತ್ತದೆ ಎಂಬುದು ನಿಜ, ಆದರೆ ಗಾಳಿಯಲ್ಲಿ ನಿಂತು ಅದನ್ನು ಕಟ್ಟಲು ಬಹಳ ಅಭ್ಯಾಸ ಬೇಕು. ಮೊದಲಿಗೆ ಡಬಲ್ ಯೂನಿ ಗಂಟನ್ನು ಕಣ್ಣುಮುಚ್ಚಿ ಕಟ್ಟುವಷ್ಟು ರೂಢಿ ಮಾಡಿಕೊಳ್ಳಿ, ಎಫ್‌ಜಿಯನ್ನು ಮನೆಯಲ್ಲಿ ಬಿಡುವಾದಾಗ ಕಲಿಯಿರಿ. ಯಾವ ಗಂಟೇ ಆಗಲಿ, ಬಿಗಿಯುವ ಮೊದಲು ಎಂಜಲಿನಿಂದ ಒದ್ದೆ ಮಾಡಿ, ಇಲ್ಲದಿದ್ದರೆ ಉಜ್ಜುವ ಬಿಸಿಗೆ ಲೀಡರ್ ಅಲ್ಲೇ ದುರ್ಬಲವಾಗುತ್ತದೆ.

ಬ್ರೇಡ್ ಬಳಸುವವರು ಕೈಗೆ ಕಲಿಸಬೇಕಾದ ಒಂದು ಅಭ್ಯಾಸವಿದೆ. ಲ್ಯೂರು ನೀರಿಗೆ ಬಿದ್ದ ಕೂಡಲೇ ಹಿಡಿಕೆ ತಿರುಗಿಸಿ ಬೇಲನ್ನು (ರೀಲಿನ ಮೇಲಿನ ತಂತಿಯ ಬಳೆಯನ್ನು) ಮುಚ್ಚಬೇಡಿ. ಬೇಲನ್ನು ಎಡಗೈಯಿಂದಲೇ ಮುಚ್ಚಿ, ರೀಲಿನ ಮೇಲಿನ ದಾರವನ್ನು ಬೆರಳಿನಲ್ಲಿ ಹಿಡಿದು ಒಮ್ಮೆ ಜಗ್ಗಿ, ಸಡಿಲವೆಲ್ಲ ಹೋದ ಮೇಲೆ ಸುತ್ತಲು ಆರಂಭಿಸಿ. ಸಡಿಲ ಸುತ್ತು ಒಂದು ಒಳಗೆ ಸೇರಿದರೆ, ಮುಂದಿನ ಯಾವುದೋ ಎಸೆತದಲ್ಲಿ ಅದೇ ಸಿಕ್ಕಾಗಿ ಹೊರಬಂದು, ಬಿಡಿಸಲಾಗದೆ ಹತ್ತಾರು ಮೀಟರ್ ದಾರ ಕತ್ತರಿಸಬೇಕಾಗುತ್ತದೆ.

ಡ್ರ್ಯಾಗನ್ನು ದಾರದ ತಾಳಿಕೆಯ ನಾಲ್ಕನೇ ಒಂದರಿಂದ ಮೂರನೇ ಒಂದು ಭಾಗಕ್ಕೆ ಹೊಂದಿಸುವುದು ರೂಢಿ. ಮೇಲೆ ಹೇಳಿದ ದಾರಕ್ಕೆ 3 ಕಿಲೋ ಸರಿಯಾಗುತ್ತದೆ. ಕೊಕ್ಕೆಯಿರುವ ತೂಗುತಕ್ಕಡಿ ಮನೆಯಲ್ಲಿದ್ದರೆ ಅದಕ್ಕೆ ದಾರ ಕಟ್ಟಿ ಎಳೆದು ನೋಡಿ, ಅಂದಾಜನ್ನು ನಂಬಬೇಡಿ.

ಮೊದಲ ಲ್ಯೂರಾಗಿ ನಾನು ಹೇಳುವುದು 20 ಗ್ರಾಂ ತೂಕದ, ಚಮಚದ ಆಕಾರದ ಲೋಹದ ಸ್ಪೂನ್. ಅದು ಗಾಳಿಯನ್ನು ಸೀಳಿ ದೂರ ಹೋಗುತ್ತದೆ, ಮುರಿಯುವುದಿಲ್ಲ, ಬೆಲೆ ಕಡಿಮೆ, ಸುಮ್ಮನೆ ಸುತ್ತಿದರೂ ಹೊಳೆಯುತ್ತಾ ಬರುತ್ತದೆ.

ಅಳಿವೆ ಬದಿ

ಕಾಳಿ ದಂಡೆಯವರ ಮಾತುಗಳನ್ನೆಲ್ಲ ಒಪ್ಪುತ್ತೇನೆ, ಸ್ಪೂನಿನ ಮಾತೊಂದನ್ನು ಬಿಟ್ಟು. ಕಾರವಾರದ ಕಡೆ ಸಮುದ್ರಕ್ಕೆ ಮುಖಮಾಡಿದ ಬಂಡೆಗಳ ಮೇಲಿಂದ ಅದು ಸರಿ. ಆದರೆ ಕೊರಡು, ಬೇರು ತುಂಬಿದ ತೋಡಿನ ಮೂಲೆಯಲ್ಲಿ ಮೂರು ಮುಳ್ಳಿನ ಕೊಕ್ಕೆಯ ಸ್ಪೂನ್ ಎರಡನೆಯ ಎಸೆತಕ್ಕೇ ಸಿಕ್ಕಿಕೊಳ್ಳುತ್ತದೆ. ನನ್ನ ಆಯ್ಕೆ 10 ಗ್ರಾಮಿನ, ತಲೆಯಲ್ಲಿ ತೂಕವಿರುವ ಕೊಕ್ಕೆಯಾದ ಜಿಗ್ ಹೆಡ್‌ಗೆ ಚುಚ್ಚಿದ 3 ಇಂಚಿನ, ಬಾಲ ಅಲ್ಲಾಡಿಸುವ ಮೆತ್ತನೆಯ ರಬ್ಬರ್ ಮೀನು. ಅದರ ಒಂಟಿ ಮುಳ್ಳು ಮೇಲ್ಮುಖವಾಗಿರುವುದರಿಂದ ತಳಕ್ಕೆ ಕಡಿಮೆ ಸಿಗುತ್ತದೆ. ಚುಚ್ಚುವಾಗ ಮೈ ಸ್ವಲ್ಪವೂ ಸೊಟ್ಟಾಗಬಾರದು, ಸೊಟ್ಟಾದರೆ ನೀರಿನಲ್ಲಿ ಗಿರಕಿ ಹೊಡೆದು ದಾರವನ್ನು ಹುರಿಗೊಳಿಸುತ್ತದೆ.

ಬ್ರಹ್ಮಾವರದ ಹೊಸಬ

ಇಷ್ಟು ವಿವರವಾಗಿ ಬರೆದ ಇಬ್ಬರಿಗೂ ಕೃತಜ್ಞತೆಗಳು. ಈಗ ನನಗೆ ಉಳಿದಿರುವ ದೊಡ್ಡ ಸಂದೇಹ ಎಳೆಯುವ ಬಗೆಯದು. ಬೇರೆಡೆ ಕೇಳಿದರೆ ಒಬ್ಬರು ನಿಧಾನ ಎನ್ನುತ್ತಾರೆ, ಇನ್ನೊಬ್ಬರು ಜೋರಾಗಿ ಎನ್ನುತ್ತಾರೆ. ತಳಕ್ಕೆ ತಾಗಿದ್ದಕ್ಕೂ ಮೀನು ಕಚ್ಚಿದ್ದಕ್ಕೂ ಇರುವ ವ್ಯತ್ಯಾಸವನ್ನು ಕೈ ಹೇಗೆ ಅರಿಯಬೇಕು?

ಅಳಿವೆ ಬದಿ

ಇದು ಲ್ಯೂರ್ ಗಾಳದ ಹೃದಯದ ಪ್ರಶ್ನೆ. ಫಿನ್ಲೆಂಡಿನ ಲೌರಿ ರಾಪಾಲಾ ಎಂಬ ಬಡ ಮೀನುಗಾರರು 1936ರಲ್ಲಿ ಕಾರ್ಕ್ ಬೆಂಡನ್ನು ಕೆತ್ತಿ ತಮ್ಮ ಮೊದಲ ಲ್ಯೂರನ್ನು ಮಾಡಿದರು. ಹೊಳಪಿಗೆ ಚಾಕೊಲೇಟಿನ ಹಾಳೆಯನ್ನು ಸುತ್ತಿ, ಅದರ ಮೇಲೆ ಫೋಟೋ ನೆಗೆಟಿವ್ ಕರಗಿಸಿ ಲೇಪಿಸಿದ್ದರಂತೆ. ಅವರಿಗೆ ಈ ಕೆಲಸ ಹೊಳೆದದ್ದು ಒಂದು ಗಮನಿಕೆಯಿಂದ: ದೊಡ್ಡ ಮೀನುಗಳು ಹಿಂಡಿನ ಮೇಲೆ ಎರಗುವಾಗ, ಹಿಂಡಿನ ನಡುವೆ ಓಲಾಡುತ್ತಾ ಈಜುವ, ಗಾಯಗೊಂಡಂತೆ ತೋರುವ ಮೀನನ್ನೇ ಆರಿಸುತ್ತಿದ್ದವು. ಇಂದು ಸಿಗುವ ಎಲ್ಲ ಮಿನ್ನೋ (ಸಣ್ಣ ಮೀನಿನ ಆಕಾರದ) ಲ್ಯೂರುಗಳೂ ಆ ಓಲಾಟವನ್ನೇ ಮಾಡಿ ತೋರಿಸುತ್ತವೆ. ಬಣ್ಣದ ಬಗ್ಗೆ ಅಂಗಡಿಯಲ್ಲಿ ಎಷ್ಟು ಚರ್ಚೆಯಾದರೂ, ನಿಮ್ಮ ಕೈ ಆ ಮೈಗೆ ಯಾವ ಚಲನೆ ಕೊಡುತ್ತದೆ ಎಂಬುದೇ ಬಹುಪಾಲು ಫಲಿತಾಂಶವನ್ನು ನಿರ್ಧರಿಸುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹಾಗಾಗಿ ಮೊದಲ ದಿನ ದೂರಕ್ಕೆ ಎಸೆಯಲೇಬೇಡಿ. ತಿಳಿನೀರಿರುವ ದಕ್ಕೆಯ ಮೆಟ್ಟಿಲಿನಲ್ಲಿ ನಿಂತು, ಎರಡು ಮಾರು ದೂರಕ್ಕೆ ಬಿಟ್ಟು, ಕಾಲ ಬಳಿಯಲ್ಲೇ ಎಳೆದು ನೋಡಿ. ರಬ್ಬರ್ ಮೀನಿನ ಬಾಲ ಯಾವ ವೇಗದಲ್ಲಿ ಅಲುಗಲು ಆರಂಭಿಸುತ್ತದೆ, ಯಾವ ವೇಗ ಮೀರಿದರೆ ಅದು ಮಗುಚಿಕೊಳ್ಳುತ್ತದೆ, ಎಳೆತ ನಿಲ್ಲಿಸಿದರೆ ಎಷ್ಟು ಹೊತ್ತಿನಲ್ಲಿ ಮೊಣಕಾಲಿನ ಆಳಕ್ಕೆ ಇಳಿಯುತ್ತದೆ ಎಂಬುದನ್ನು ಕಣ್ಣಾರೆ ನೋಡಿ, ಆ ವೇಗವನ್ನು ಹಿಡಿಕೆಯ ಸುತ್ತುಗಳಲ್ಲಿ ನೆನಪಿಟ್ಟುಕೊಳ್ಳಿ. ಬಾಲ ಅಲುಗುವ ಅತಿ ನಿಧಾನದ ವೇಗ ಯಾವುದೋ ಅದೇ ನಿಮ್ಮ ಆರಂಭದ ವೇಗ.

ಆಮೇಲೆ ಎಸೆದಾಗ ಲ್ಯೂರು ತಳ ಮುಟ್ಟುವವರೆಗೆ ಕಾಯಿರಿ. ಬಿಗಿಯಾಗಿ ಇಳಿಯುತ್ತಿದ್ದ ದಾರ ಒಮ್ಮೆಲೇ ಸಡಿಲಗೊಂಡು ನೀರಿನ ಮೇಲೆ ಬಿದ್ದರೆ ತಳ ಸಿಕ್ಕಿತೆಂದರ್ಥ. ರಾಡನ್ನು ಮೊಣಕೈ ಎತ್ತರದಿಂದ ಭುಜದ ಎತ್ತರಕ್ಕೆ ಮೃದುವಾಗಿ ಎತ್ತಿ, ಲ್ಯೂರು ಮತ್ತೆ ಇಳಿಯುವಾಗ ರಾಡನ್ನೂ ಅದರೊಂದಿಗೇ ಇಳಿಸುತ್ತಾ ಸಡಿಲವನ್ನಷ್ಟೇ ಸುತ್ತಿಕೊಳ್ಳಿ. ಹೆಚ್ಚಿನ ಮೀನುಗಳು ಬಾಯಿ ಹಾಕುವುದು ಹೀಗೆ ಇಳಿಯುವಾಗಲೇ, ಎತ್ತುವಾಗಲ್ಲ. ಆ ಕ್ಷಣದಲ್ಲಿ ದಾರ ಪೂರ್ತಿ ಸಡಿಲವಾಗಿದ್ದರೆ ನಿಮಗೆ ಏನೂ ತಿಳಿಯುವುದಿಲ್ಲ. ತಳಕ್ಕೆ ತಾಗಿದ್ದು ಮಂದವಾಗಿ, ಭಾರವಾಗಿ, ನಿಧಾನವಾಗಿ ಏರುವ ಎಳೆತದಂತೆ ತಿಳಿಯುತ್ತದೆ. ಮೀನಿನದು ಉಗುರಿನಿಂದ ರಾಡನ್ನು ಒಮ್ಮೆ ಚಿಮ್ಮಿಸಿದಷ್ಟು ಚುರುಕು. ಒಮ್ಮೊಮ್ಮೆ ಏನೂ ತಾಗದೆ ದಾರ ಮಾತ್ರ ಪಕ್ಕಕ್ಕೆ ಸರಿಯತೊಡಗುತ್ತದೆ, ಅಥವಾ ತಳ ಸಿಗಬೇಕಾದ ಹೊತ್ತಿಗೆ ಮೊದಲೇ ಸಡಿಲಗೊಳ್ಳುತ್ತದೆ; ಅದೂ ಮೀನೇ. ಸಂದೇಹ ಬಂದಾಗಲೆಲ್ಲ ರಾಡನ್ನು ಒಮ್ಮೆ ಗಟ್ಟಿಯಾಗಿ ಎತ್ತಿ.

ಮ್ಯಾಂಗ್ರೋವ್ ಜ್ಯಾಕ್ ಕಚ್ಚಿದರೆ ಮೊದಲ ಮೂರು ಸೆಕೆಂಡು ನಿರ್ಣಾಯಕ. ಅದು ತಾನು ಹೊರಬಂದ ಬೇರಿನ ಮರೆಗೇ ತಿರುಗಿ ನುಗ್ಗುತ್ತದೆ, ಒಳಗೆ ಹೋದರೆ ದಾರ ಉಳಿಯುವುದಿಲ್ಲ. ರಾಡನ್ನು ಪಕ್ಕಕ್ಕೆ ಬಾಗಿಸಿ ಹಿಡಿದು, ಎರಡು ಹೆಜ್ಜೆ ಹಿಂದೆ ಸರಿದು, ಮೊದಲು ಅದನ್ನು ತೆರೆದ ನೀರಿಗೆ ತನ್ನಿ.

ತುಮಕೂರಿನ ಕೆರೆ ಏರಿ

ಕರಾವಳಿಯವರ ಚರ್ಚೆಯ ನಡುವೆ ಒಳನಾಡಿನ ಪ್ರಶ್ನೆಯೊಂದನ್ನು ಕೇಳುತ್ತಿದ್ದೇನೆ, ಕ್ಷಮಿಸಿ. ನಮ್ಮಲ್ಲಿ ಉಬ್ಬರವೂ ಇಲ್ಲ, ಇಳಿತವೂ ಇಲ್ಲ. ಕೆರೆಯಲ್ಲಿ ಕಾಟ್ಲಾ, ರೋಹು, ಜಿಲೇಬಿ, ಕೊರವ ಇವೆ. ಲ್ಯೂರಿನಿಂದ ಇವುಗಳಲ್ಲಿ ಯಾವುದನ್ನು ಹಿಡಿಯಬಹುದು?

ಕೊರವದ ಹಿಂದೆ

ಕೊರವವನ್ನು ಹಿಡಿಯಬಹುದು. ಕಾಟ್ಲಾ, ರೋಹು ಸಾಮಾನ್ಯವಾಗಿ ಲ್ಯೂರಿಗೆ ಬಾಯಿ ಹಾಕುವುದಿಲ್ಲ, ಅವುಗಳ ಆಹಾರವೇ ಬೇರೆ. ಕೊರವ ಅಪ್ಪಟ ಬೇಟೆಮೀನು. ಕಪ್ಪೆ, ಸಣ್ಣ ಮೀನು ಎಲ್ಲವನ್ನೂ ಹಿಡಿಯುತ್ತದೆ, ಮತ್ತು ಅದು ಗಾಳಿಯನ್ನೂ ಉಸಿರಾಡುವುದರಿಂದ ಆಗಾಗ ಮೇಲಕ್ಕೆ ಬಂದು ತನ್ನ ಜಾಗವನ್ನು ತಾನೇ ತೋರಿಸಿಕೊಡುತ್ತದೆ. ಏರಿಯ ಮೇಲೆ ಹತ್ತು ನಿಮಿಷ ಸುಮ್ಮನೆ ನಿಂತು ತಾವರೆ ಎಲೆಗಳ ಅಂಚನ್ನು ನೋಡಿ. ಎಲ್ಲಿ ನೀರು ಒಮ್ಮೆ ಗುಳಕ್ಕೆಂದು ಸುತ್ತಿಕೊಳ್ಳುತ್ತದೆಯೋ ಅಲ್ಲಿ ಕೊರವವಿದೆ.

ಇದಕ್ಕೆ ಬಳಸುವುದು ಟೊಳ್ಳಾದ ರಬ್ಬರ್ ಕಪ್ಪೆ. ಅದರ ಎರಡು ಮುಳ್ಳುಗಳು ಬೆನ್ನಿಗೆ ಅಂಟಿಕೊಂಡಿರುವುದರಿಂದ ಕಳೆಯ ಮೇಲೆಯೇ ಎಳೆಯಬಹುದು, ಮೀನು ಕಚ್ಚಿ ಮೈ ಅಮುಕಿದಾಗ ಮಾತ್ರ ಮುಳ್ಳು ಹೊರಬರುತ್ತದೆ. ಕಳೆಯೊಳಗಿನಿಂದ ಮೀನನ್ನು ಎಳೆದು ತರಬೇಕಾದ್ದರಿಂದ ಬ್ರೇಡ್ ದಪ್ಪಗಿರಬೇಕು, 40 ಪೌಂಡಿಗೆ ಕಡಿಮೆ ಬೇಡ. ರಾಡು 7 ಅಡಿಯ ಗಡುಸಾದದ್ದಾಗಿರಲಿ. ನೀರು ಸಿಡಿದ ಕೂಡಲೇ ರಾಡು ಎತ್ತಿದರೆ ಕಪ್ಪೆ ಖಾಲಿಯಾಗಿ ನಿಮ್ಮ ಮುಖಕ್ಕೇ ಹಾರಿ ಬರುತ್ತದೆ. ಕಪ್ಪೆ ಮಾಯವಾಗಿ, ದಾರದಲ್ಲಿ ಭಾರ ತಿಳಿದ ಮೇಲೆ ಎತ್ತಿ.

ಎರಡು ವಿಷಯಗಳನ್ನು ದಯವಿಟ್ಟು ಪಾಲಿಸಿ. ನಮ್ಮ ಬಹುತೇಕ ಕೆರೆಗಳ ಮೀನು ಹಿಡಿಯುವ ಹಕ್ಕನ್ನು ಇಲಾಖೆಯೋ ಪಂಚಾಯಿತಿಯೋ ಗುತ್ತಿಗೆಗೆ ಕೊಟ್ಟಿರುತ್ತದೆ, ಗುತ್ತಿಗೆದಾರರನ್ನು ಕೇಳದೆ ಗಾಳ ಹಾಕುವುದು ಅವರ ಸೊತ್ತಿಗೆ ಕೈ ಹಾಕಿದಂತೆಯೇ. ಇನ್ನೊಂದು, ಮಳೆಗಾಲದಲ್ಲಿ ಕೆಂಪು-ಕಿತ್ತಳೆ ಬಣ್ಣದ ಮರಿಗಳ ಗುಂಪು ಮೇಲೆ ಬಂದು ಮುಳುಗುವುದು ಕಾಣಿಸಿದರೆ ಅಲ್ಲಿಗೆ ಎಸೆಯಬೇಡಿ. ಅವುಗಳ ಕೆಳಗೆ ದೊಡ್ಡ ಕೊರವ ಕಾವಲಿರುತ್ತದೆ ಮತ್ತು ಮರಿಗಳನ್ನು ಕಾಯುವ ಆವೇಶದಲ್ಲಿ ಯಾವುದಕ್ಕೂ ಬಾಯಿ ಹಾಕುತ್ತದೆ. ಅದನ್ನು ಎತ್ತಿದರೆ ಮರಿಗಳು ಬೇರೆ ಮೀನುಗಳ ಪಾಲಾಗುತ್ತವೆ. ಹೀಗೆ ಹಿಡಿದ ಮೀನನ್ನು ಎತ್ತಿ ಹಿಡಿದ ಚಿತ್ರಗಳನ್ನು ಕಂಡಾಗ ನನಗೆ ನಿಜವಾಗಿಯೂ ನೋವಾಗುತ್ತದೆ. ಕಾವೇರಿ ವನ್ಯಜೀವಿ ಧಾಮದಂಥ ಸಂರಕ್ಷಿತ ಪ್ರದೇಶಗಳ ನದಿಗೆ ಲ್ಯೂರು ಹಿಡಿದು ಹೋಗುವ ಯೋಚನೆಯನ್ನೂ ಮಾಡಬೇಡಿ. ಅಲ್ಲಿರುವ ಕಿತ್ತಳೆ ರೆಕ್ಕೆಯ ಮಹಸೀರ್ ಅಳಿವಿನ ತೀರಾ ಅಂಚಿನಲ್ಲಿದೆ.

ಕಾಳಿ ದಂಡೆ

ಮರಿಗಳ ಮಾತು ಬಂದದ್ದರಿಂದ ಬಾರಮುಂಡಿಯ ಬಗ್ಗೆಯೂ ಹೇಳಬೇಕು. ಈ ಮೀನು ಮೊದಲು ಗಂಡಾಗಿ ಬೆಳೆದು, ಕೆಲವು ವರ್ಷಗಳ ನಂತರ ಹೆಣ್ಣಾಗಿ ಮಾರ್ಪಡುತ್ತದೆ. ಎಂದರೆ ಅಳಿವೆಯಲ್ಲಿ ಸಿಗುವ ಅತಿ ದೊಡ್ಡ ಬಾರಮುಂಡಿಗಳು ಬಹುಮಟ್ಟಿಗೆ ಮೊಟ್ಟೆಯಿಡುವ ಹೆಣ್ಣುಗಳೇ. ಊಟಕ್ಕೆ ಬೇಕಾದರೆ ಮಧ್ಯಮ ಗಾತ್ರದ ಒಂದನ್ನು ಇಟ್ಟುಕೊಳ್ಳಿ, ದೊಡ್ಡದನ್ನು ಬಿಡಿ. ಬಿಡುವಾಗ ಕೈ ಒದ್ದೆಯಿರಲಿ, ಹೊಟ್ಟೆಯ ಕೆಳಗೆ ಆಧಾರ ಕೊಡಿ, ತಾನಾಗಿ ಬಾಲ ಬಡಿಯುವವರೆಗೆ ನೀರಿನಲ್ಲೇ ಹಿಡಿದಿರಿ. ಕಿವಿರಿನ ಮುಚ್ಚಳದ ಅಂಚು ಬ್ಲೇಡಿನಷ್ಟು ಹರಿತ, ಅಲ್ಲಿ ಬೆರಳು ತೂರಿಸಬೇಡಿ. ತೇಡೆ ಮೀನು ಸಿಕ್ಕರೆ ಕೈಯಿಂದ ಹಿಡಿಯದೆ ಪ್ಲಯರಿನಿಂದಲೇ ಬಿಡಿಸಿ, ಅದರ ಬೆನ್ನಿನ ಮತ್ತು ಪಕ್ಕದ ಮುಳ್ಳು ಚುಚ್ಚಿದರೆ ನೋವು ವಿಪರೀತ.

ಕೊಕ್ಕೆಯ ಹಿಮ್ಮುಳ್ಳನ್ನು ಪ್ಲಯರಿನಿಂದ ಒತ್ತಿ ಮಡಚಿಬಿಡುವುದು ಒಳ್ಳೆಯದು. ದಾರ ಬಿಗಿಯಾಗಿದ್ದರೆ ಮೀನು ತಪ್ಪುವುದು ಅಪರೂಪ, ಮತ್ತು ನಿಮ್ಮ ಬೆರಳಿಗೇ ಚುಚ್ಚಿದಾಗ ಅದು ಸುಲಭವಾಗಿ ಹೊರಬರುತ್ತದೆ. ತಲೆಗೆ ಟೋಪಿ, ಕಣ್ಣಿಗೆ ಕನ್ನಡಕ ಕಡ್ಡಾಯ. ಎಸೆಯುವ ಮೊದಲು ಪ್ರತಿ ಸಲವೂ ಹಿಂದೆ ನೋಡಬೇಕು. ಅಲೆತಡೆಯ ನಾಲ್ಕು ಕಾಲಿನ ಕಾಂಕ್ರೀಟ್ ಕಲ್ಲುಗಳ ಮೇಲೆ ಹೊಸಬರು ಹತ್ತಲೇಬಾರದು. ಪಾಚಿ ಕಟ್ಟಿದ ಅವುಗಳ ನಡುವೆ ಬಿದ್ದವರನ್ನು ಮೇಲೆತ್ತುವುದು ಬಹಳ ಕಷ್ಟ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಇರುವ 61 ದಿನಗಳ ನಿಷೇಧ ದಡದ ಗಾಳಕ್ಕೆ ಅನ್ವಯಿಸದಿದ್ದರೂ, ಆ ದಿನಗಳ ಕಡಲು ಗಾಳಗಾರನಿಗೆ ತಕ್ಕದ್ದಲ್ಲ, ನದಿಯೂ ಕೆಂಪು ನೀರಿನಿಂದ ತುಂಬಿ ಲ್ಯೂರು ಮೀನಿಗೆ ಕಾಣುವುದಿಲ್ಲ.

ಬ್ರಹ್ಮಾವರದ ಹೊಸಬ

ಬರುವ ಹುಣ್ಣಿಮೆಯ ಸಂಜೆ ನಮ್ಮ ತೋಡಿನ ಬಾಯಿಯ ತಳವನ್ನು ನೋಡಿ ಬರಲು ತೀರ್ಮಾನಿಸಿದ್ದೇನೆ. ರಾಡು, ರೀಲು, ಬ್ರೇಡ್, ಲೀಡರ್, ನಾಲ್ಕು ಜಿಗ್ ಹೆಡ್, ಒಂದು ಪೊಟ್ಟಣ ರಬ್ಬರ್ ಮೀನು, ಒಂದು ತೇಲುವ ಮಿನ್ನೋ ಎಂದು ಪಟ್ಟಿ ಮಾಡಿದ್ದೇನೆ. ಇದರ ಜೊತೆಗೆ ಒಂದು ಪಾಪರನ್ನೂ ಕೊಳ್ಳಲೇ?

ಅಳಿವೆ ಬದಿ

ಪಾಪರ್ ಈಗ ಬೇಡ. ಅದು ನೀರಿನ ಮೇಲ್ಮೈಯಲ್ಲಿ ಸದ್ದು ಮಾಡುತ್ತಾ ಬರುವ ಲ್ಯೂರು, ಮುಂಜಾವದ ಅಲ್ಪ ಹೊತ್ತಿಗೆ ಚೆನ್ನಾಗಿ ಒದಗುತ್ತದೆ, ಆದರೆ ತಳದ ಓದನ್ನು ಅದು ಕಲಿಸುವುದಿಲ್ಲ. ಆ ಹಣಕ್ಕೆ ತುಕ್ಕು ಹಿಡಿಯದ ಉದ್ದ ಮೂತಿಯ ಪ್ಲಯರನ್ನು ಕೊಳ್ಳಿ, ನಿಮ್ಮ ಪಟ್ಟಿಯಲ್ಲಿ ಅದಿಲ್ಲ. ಮನೆಗೆ ಬಂದ ಮೇಲೆ ರೀಲಿನ ಡ್ರ್ಯಾಗ್ ಗುಂಡಿಯನ್ನು ಬಿಗಿಮಾಡಿ, ಸಿಹಿನೀರನ್ನು ಮೆಲ್ಲಗೆ ಸುರಿದು ಉಪ್ಪು ತೊಳೆದು, ಒರೆಸಿ, ಆಮೇಲೆ ಡ್ರ್ಯಾಗನ್ನು ಪೂರ್ತಿ ಸಡಿಲಿಸಿ ನೆರಳಿನಲ್ಲಿ ಒಣಗಲು ಇಡಿ. ಪೈಪಿನ ನೀರನ್ನು ರಭಸದಿಂದ ಬಿಟ್ಟರೆ ಉಪ್ಪು ಒಳಗಿನ ಬೇರಿಂಗಿಗೆ ಇಳಿಯುತ್ತದೆ. ತಳ ನೋಡಿ ಬಂದ ಮೇಲೆ ಅಲ್ಲಿ ಏನೇನು ಕಂಡಿತೆಂದು ಇಲ್ಲಿ ಬರೆಯಿರಿ. ಯಾವ ಕಲ್ಲಿನ ಯಾವ ಬದಿಗೆ ಮೊದಲ ಎಸೆತ ಬೀಳಬೇಕೆಂಬುದನ್ನು ಅದನ್ನು ನೋಡಿಯೇ ಹೇಳಬಹುದು.